ಕಣ್ಣಿಗೆ ಬಂದ ನೆಂಟರು

ನಮ್ಮ ಮನೆಯಲ್ಲಿ ಯಾರೂ ಹೆರದೆಯೇ ನಾನು ಪುರುಡು ಹಿಡಿದೆ. ಮಗು ಹುಟ್ಟಿದ ಮನೆಯವರು ಹತ್ತು ದಿನ ದೇವರ ದೀಪ ಹಚ್ಚದೆ, ಯಾರ ಮನೆಯ ಶುಭಕ್ಕೂ ಹೋಗದೆ ಇರುತ್ತಾರಲ್ಲ, ಆ ಪುರುಡು. ಅದು ಕಳೆದ ಮೇಲೆ ತೊಟ್ಟಿಲು ಕಟ್ಟಿದೆ, ಹೋಳಿಗೆಯನ್ನೂ ತಟ್ಟಿದೆ. ಮಗು ಮಾತ್ರ ಇರಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ನನಗೂ ಈಗ ಸುಮ್ಮಸುಮ್ಮನೆ ನಗು ಬರುತ್ತದೆ. ಒಲೆಯ ಮುಂದೆ ಕೂತಾಗ, ಬಟ್ಟೆ ಹಿಂಡುವಾಗ ಒಬ್ಬಳೇ ನಗುತ್ತಿರುತ್ತೇನೆ. "ಏನೇ, ಗಾಳಿಗೀಳಿ ಮೆಟ್ಕೊಂತಾ ನಿಂಗೆ?" ಎಂದು ನಮ್ಮ ಯಜಮಾನರು ಕೇಳುತ್ತಾರೆ. ಮೆಟ್ಟಿಕೊಂಡಿರುವುದು ಸಂತೋಷ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯುವುದು ನಿಧಾನ. ಆದರೂ ಇದನ್ನು ಬರೆಯದೆ ಇದ್ದರೆ ಹೊಟ್ಟೆ ಒಡೆದೀತು ಅನ್ನಿಸಿ ಕೂತಿದ್ದೇನೆ.

ನಮ್ಮದು ತುಮಕೂರಿನಿಂದ ಬರುವಾಗ ಗುಬ್ಬಿಗೆ ಸ್ವಲ್ಪ ಮುಂಚೆ ಸಿಗುವ ಹಳ್ಳಿ. ತೆಂಗಿನ ತೋಟವಿದೆ, ರಾಗಿ ಹೊಲವಿದೆ. ನಮಗೆ ಒಬ್ಬಳೇ ಮಗಳು. ಅವಳಿರುವುದು ತುಮಕೂರಿನ ಬಟವಾಡಿಯಲ್ಲಿ, ಬಾಡಿಗೆ ಮನೆ. ಅಳಿಯಂದಿರು ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಅವರಿಗೂ ಒಬ್ಬಳೇ ಮಗಳು. ಆಗಿನ್ನೂ ಒಂದನೇ ಕ್ಲಾಸು. ಬಾಯಿ ಮಾತ್ರ ಕಾಲೇಜಿನದು.

ದಸರಾ ರಜೆಗೆ ತಾಯಿ ಮಗಳು ಇಬ್ಬರೂ ನಮ್ಮಲ್ಲಿಗೆ ಬಂದಿದ್ದರು. ತೋಟದಲ್ಲಿ ಕಾಯಿ ಕೀಳಿಸುತ್ತಿದ್ದೆವು. ಎಲೆಅಡಿಕೆ ಹಾಕಿಕೊಳ್ಳುವವರು ಯಾರೋ ಸುಣ್ಣದ ಟ್ಯೂಬನ್ನು ಜಗಲಿಯ ಮೇಲೆ ಇಟ್ಟು ಹೋಗಿದ್ದರು. ಮಗು ಅದನ್ನು ಗೋರಂಟಿ ಕೋನು ಎಂದುಕೊಂಡು ಕೈಗೆ ಹಾಕಿಕೊಳ್ಳಲು ಹೋಗಿದೆ. ಸುಣ್ಣ ಒಣಗಿ ಟ್ಯೂಬಿನ ಬಾಯಿ ಕಟ್ಟಿಕೊಂಡಿದ್ದರಿಂದ ಜೋರಾಗಿ ಹಿಸುಕಿದೆ. ಟ್ಯೂಬಿನ ಹೊಟ್ಟೆ ಒಡೆದು ಸುಣ್ಣ ಸಿಡಿದದ್ದು ನೇರ ಎಡಗಣ್ಣಿಗೆ.

ಆ ಕೂಗು ನನ್ನ ಕಿವಿಯಲ್ಲಿ ಎಷ್ಟೋ ತಿಂಗಳು ಇತ್ತು. ಪಕ್ಕದ ಮನೆಯಾಕೆ ಓಡಿಬಂದು, "ಹರಳೆಣ್ಣೆ ಬುಡ್ರಮ್ಮ, ತಂಪಾಯ್ತದೆ" ಎಂದಳು. ನಾನು ಎಣ್ಣೆಗೆ ಒಳಗೆ ಹೊರಟಿದ್ದೆ. ನನ್ನ ಮಗಳು ಮಗುವನ್ನು ಕಂಕುಳಲ್ಲಿ ಅವುಚಿಕೊಂಡು ತೊಟ್ಟಿಯ ನಲ್ಲಿಯ ಕೆಳಗೆ ಕೂತೇಬಿಟ್ಟಿದ್ದಳು.

"ಅವ್ವ, ಎಣ್ಣೆ ಬ್ಯಾಡ! ನೀರು ಬುಡು. ಇನ್ನೂ ಬುಡು. ನಿಲ್ಲಿಸ್ಬೇಡ!"

ಮಗು ಒದ್ದಾಡಿತು, ತಾಯಿಯ ಕೈ ಕಚ್ಚಿತು. ಅವಳು ಬಿಡಲಿಲ್ಲ. ರೆಪ್ಪೆ ಬಿಡಿಸಿ ಹಿಡಿದು ನೀರು ಬಿಡುತ್ತಲೇ ಇದ್ದಳು. ಇಬ್ಬರೂ ತೊಯ್ದು ನಡುಗುತ್ತಿದ್ದ ಹಾಗೇ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ನಾನೂ ಆಸ್ಪತ್ರೆಗೆ ಹೋದೆ. ಆ ನೀರು ಬಿಡದೆ ಇದ್ದಿದ್ದರೆ ಕಣ್ಣಿನ ಆಳಕ್ಕೂ ಸುಣ್ಣ ಇಳಿಯುತ್ತಿತ್ತು, ಆಮೇಲೆ ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದು ಬಟವಾಡಿಯ ಕಣ್ಣಿನ ಡಾಕ್ಟರಮ್ಮ ಹೇಳಿದರು. ನನ್ನ ಮಗಳು ಅದನ್ನು ಕೇಳಿಸಿಕೊಂಡು ಕೈಯ ಮೇಲಿನ ಹಲ್ಲಿನ ಗುರುತನ್ನು ಸವರಿಕೊಂಡಳು.

ಉರಿ ಹೋಯಿತು, ಕೆಂಪು ಇಳಿಯಿತು. ಆದರೆ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಪೊರೆ ಬೆಳೆಯಿತು. ಎಳನೀರು ಒಡೆದಾಗ ಒಳಗೆ ನೀರುನೀರಾಗಿ ಗಂಜಿ ಕಟ್ಟಿರುತ್ತದಲ್ಲ, ಹಾಗೆ. ಅದರ ಮೇಲೆ ಸಣ್ಣ ಕೆಂಪು ನರಗಳು ಹರಿದುಬಂದವು. ಬಲಗಣ್ಣು ಮುಚ್ಚಿಸಿ, "ಏನ್ ಕಾಣ್ತದೆ ಪುಟ್ಟ?" ಎಂದು ಕೇಳಿದರೆ, "ಬೆಳಕು ಕಾಣುತ್ತೆ ಅಜ್ಜಿ, ನೀನು ಕಾಣಲ್ಲ" ಎನ್ನುತ್ತಿದ್ದಳು. ಸ್ಕೂಲಿನಲ್ಲಿ ಮಕ್ಕಳು ಏನೋ ಅಂದಿರಬೇಕು, ಕೂದಲನ್ನು ಎಡಗಡೆಗೆ ಇಳಿಬಿಟ್ಟುಕೊಂಡು ಹೋಗಲು ಶುರುಮಾಡಿದಳು. ಯಾರಾದರೂ ಬಾಚಿ ಹಿಂದಕ್ಕೆ ಕಟ್ಟಿದರೆ ಬೀದಿಯ ತಿರುವಿನಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತಿದ್ದಳು. ಮನೆಗೆ ಬಂದವರು, "ಹೆಣ್ಣುಡ್ಗಿ ಬೇರೆ" ಎಂದು ಲೊಚಗುಟ್ಟಿ ಕಾಫಿ ಕುಡಿದು ಹೋಗುತ್ತಿದ್ದರು. ಆ ಲೊಚಗುಟ್ಟುವುದು ಕೇಳಿದರೆ ನನಗೆ ಲೋಟ ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಡಾಕ್ಟರಮ್ಮ ನಮ್ಮನ್ನೆಲ್ಲ ಕರೆಸಿದರು. ಯಜಮಾನರೂ ಬಂದಿದ್ದರು. ಆಕೆ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕಣ್ಣಿನ ಮೇಲೆ ಒಂದು ತೆಳ್ಳನೆ ಚರ್ಮ ಇರುತ್ತದಂತೆ, ಗಾಜಿನ ಹಾಗೆ. ಅದು ದಿನಾ ಸವೆಯುತ್ತದಂತೆ, ದಿನಾ ಹೊಸದು ಹುಟ್ಟುತ್ತದಂತೆ. ಕಪ್ಪೂ ಬಿಳಿಯೂ ಕೂಡುವ ಅಂಚಿನಲ್ಲಿ ಸುತ್ತಲೂ ಒಂದು ಬಳೆಯ ಹಾಗೆ ಬೀಜದ ಜೀವಕೋಶಗಳು ಇರುತ್ತವೆ, ಹೊಸ ಚರ್ಮ ಹುಟ್ಟುವುದು ಅಲ್ಲಿಂದ. ಸುಣ್ಣ ಸುಟ್ಟದ್ದು ಅದನ್ನೇ. ಹೊಸದು ಹುಟ್ಟುವ ಜಾಗವೇ ಸತ್ತಿದ್ದಕ್ಕೆ ಬಿಳಿಗುಡ್ಡೆಯ ಚರ್ಮ ಕಳೆಯ ಹಾಗೆ ಒಳಕ್ಕೆ ನುಗ್ಗಿದೆ.

"ಈಗೇನು ಮಾಡ್ಬೇಕು ಅಂದ್ರೆ," ಎಂದರು ಡಾಕ್ಟರಮ್ಮ, "ಆ ಕಳೆ ತೆಗೀಬೇಕು. ಚೆನ್ನಾಗಿರೋ ಬಲಗಣ್ಣಿನ ಅಂಚಿಂದ ಸಾಸಿವೆ ಕಾಳಿನಷ್ಟು ಚೂರು ತಗೊಂಡು, ಅದನ್ನ ಇನ್ನೂ ಸಣ್ಣಸಣ್ಣ ಚೂರು ಮಾಡಿ ಎಡಗಣ್ಣ ಮೇಲೆ ಅಂಟಿಸ್ತಾರೆ. ಅವು ಅಲ್ಲೇ ಬೆಳೆದು ಹರಡ್ಕೊತವೆ."

"ಒಟ್ಲುಪಾತಿಯಿಂದ ರಾಗಿ ಪೈರು ಕಿತ್ತು ಹೊಲಕ್ಕೆ ನಾಟಿ ಹಾಕ್ದಂಗಾ?" ಎಂದೆ ನಾನು.

"ಹಂಗೇ ಅನ್ಕೊಳಿ ಅಜ್ಜಿ."

ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಪೈರು ಕಿತ್ತ ಮ್ಯಾಲೆ ಒಟ್ಲುಪಾತೀಲಿ ಏನಮ್ಮ ಉಳಿಯೋದು?" ಎಂದರು. "ಇರೋದು ಒಂದ್ ಕಣ್ಣು. ಅದಕ್ಕೂ ಕತ್ತಿ ಹಾಕ್ತೀರಾ?"

ಪಾತಿಯ ಒಂದು ಮೂಲೆ ಮಾತ್ರ, ಬಳೆಯ ಸುತ್ತಳತೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ, ಆ ಜಾಗ ತಾನೇ ತುಂಬಿಕೊಳ್ಳುತ್ತದೆ ಎಂದು ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಇವರು ಚಿತ್ರ ನೋಡಲಿಲ್ಲ. "ನನ್ ಕಣ್ಣು ತಗೊಳಿ. ನಾನಿನ್ನೇನು ನೋಡ್ಬೇಕಾಗಿರೋದು? ಎರಡನ್ನೂ ತಗೊಳಿ" ಎಂದರು. ಬೇರೆಯವರ ಚೂರನ್ನು ಮೈ ಒಪ್ಪುವುದು ಕಷ್ಟ, ಒಪ್ಪಿಸಲು ವರ್ಷಾನುಗಟ್ಟಲೆ ಗಟ್ಟಿ ಮಾತ್ರೆ ಕೊಡಬೇಕು, ಅವಳದ್ದೇ ಅವಳಿಗೆ ಒಳ್ಳೆಯದು ಎಂದು ಆಕೆ ಹೇಳಿದರು. ಇವರು ಟವೆಲ್ ಕೊಡವಿ ಎದ್ದು ಹೊರಗೆ ಹೋದರು.

ಕ್ಲಿನಿಕ್ಕಿನ ಹೊರಗೆ ಹೈವೇ. ಲಾರಿಗಳ ಸದ್ದು. ಯಜಮಾನರು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ಮಗಳು ಅಳುತ್ತಿದ್ದಳು, ಅಳಿಯಂದಿರು ಏನೂ ತೋಚದೆ ಮೊಬೈಲ್ ನೋಡುತ್ತಿದ್ದರು. ಯಾರ ಮಾತಿಗೂ ಅವರು ಬಗ್ಗುವವರಲ್ಲ ಎಂದು ನನಗೆ ಗೊತ್ತು. ಆಗ ಮೊಮ್ಮಗಳು ಹೋಗಿ ಅವರ ಮೊಣಕಾಲಿನ ಮೇಲೆ ಕೂತಳು.

"ತಾತ, ನಂಗೆ ಎರಡು ಕಣ್ಣಲ್ಲೂ ಅಳೋಕೆ ಬರುತ್ತೆ. ನೋಡೋಕೆ ಮಾತ್ರ ಒಂದ್ರಲ್ಲೇ ಬರೋದು. ಅದ್ಯಾಕೆ ಹಂಗೆ?"

 ಅವರು ಅವಳನ್ನು ಎತ್ತಿಕೊಂಡು ಒಳಗೆ ಹೋಗಿ, "ಯಾವತ್ತು ಅಂತ ಹೇಳಿ, ನಾವು ಬತ್ತೀವಿ" ಎಂದು ಡಾಕ್ಟರಮ್ಮನಿಗೆ ಹೇಳಿದರು.

ಆಗಲೇ ನಾನು ಕೇಳಬಾರದ ಒಂದು ಪ್ರಶ್ನೆ ಕೇಳಿದ್ದು. ಕಳೆ ತೆಗೆದ ನೆಲ ಹಸಿಗಾಯ, ಅದರ ಮೇಲೆ ಪೈರು ಹೇಗೆ ನಿಲ್ಲುತ್ತದೆ? ಕೆಳಗೆ ಒಂದು ಪೊರೆ ಹಾಸುತ್ತಾರೆ ಎಂದರು ಡಾಕ್ಟರಮ್ಮ. ಪೊರೆ ಎಲ್ಲಿಂದ ತರುತ್ತೀರಿ? ಹೆರಿಗೆಯಾದ ತಾಯಿಯ ಮಾಸಿನಿಂದ ಎಂದರು. ಮಗುವನ್ನು ಹೊಟ್ಟೆಯೊಳಗೆ ಸುತ್ತಿಕೊಂಡಿರುವ ಪೊರೆ ಅದು. ಆ ತಾಯಿಯ ಒಪ್ಪಿಗೆ ತೆಗೆದುಕೊಂಡು, ರಕ್ತ ಪರೀಕ್ಷೆ ಮಾಡಿ, ಪೊರೆಯನ್ನು ತೊಳೆದು, ಐಸಿಗಿಂತ ತಣ್ಣಗೆ ಇಟ್ಟಿರುತ್ತಾರಂತೆ. ಗಾಯದ ಉರಿಯನ್ನು ಇಳಿಸುವ ಗುಣ ಅದಕ್ಕಿದೆಯಂತೆ. ಅಂಟಿಸುವ ಗೋಂದು ಕೂಡ ರಕ್ತದಿಂದಲೇ ಮಾಡಿದ್ದು. ಇದೇ ಥರದ ಪೊರೆಯನ್ನು ಲ್ಯಾಬಿನಲ್ಲಿ ಬೇರೆಬೇರೆ ವಸ್ತುಗಳಿಂದ ಮಾಡಿ ನೋಡುತ್ತಿದ್ದಾರೆ, ರೇಷ್ಮೆಗೂಡಿನಿಂದಲೂ ಮಾಡುತ್ತಿದ್ದಾರೆ, ಅದರ ಮೇಲೆ ಕಣ್ಣಿನ ಜೀವಕೋಶ ಬೆಳೆಸುವುದಕ್ಕೆ ಪ್ರಯತ್ನ ನಡೆದಿದೆ ಎಂದೂ ಹೇಳಿದರು.

ನನ್ನ ತವರು ಕುಣಿಗಲ್ ಕಡೆ. ತಮ್ಮ ಇವತ್ತಿಗೂ ಹುಳ ಸಾಕುತ್ತಾನೆ. ಮನೆಗೆ ಬಂದವಳೇ ಅವನಿಗೆ ಫೋನ್ ಮಾಡಿದೆ.

"ಲೋ, ನಿನ್ ಗೂಡಿಂದ ಕಣ್ಣಿಗೆ ಪೊರೆ ಮಾಡ್ತಾರಂತೆ ಕಣೋ!"

"ಮಾಡ್ಲಿ ಬುಡಕ್ಕ. ಮೊದ್ಲು ಮಾರ್ಕೆಟ್ನಾಗೆ ಒಂದು ಒಳ್ಳೆ ರೇಟು ಮಾಡ್ಲಿ ಅಂತ ಹೇಳು ಆ ಡಾಕ್ಟರಮ್ಮಂಗೆ" ಎಂದ. ನಕ್ಕ. ಆಮೇಲೆ ದನಿ ತಗ್ಗಿಸಿ, "ಮಗೀಗೆ ಕಾಣ್ತದಾ ಅಕ್ಕ?" ಎಂದು ಕೇಳಿದ.

"ಕಾಣ್ತದೆ" ಎಂದೆ. ನನಗೇನು ಗೊತ್ತಿತ್ತು? ಆದರೂ ಹೇಳಿದೆ.

ಆಪರೇಷನ್ ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಯಲ್ಲಿ. ಅವಳಿಗೆ ಹಸಿರು ಗೌನು ತೊಡಿಸಿದಾಗ ಅದು ಕಾಲಿಗೆ ತೊಡರುವಷ್ಟು ಉದ್ದವಿತ್ತು. ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ಮದುವೆ ಹೆಣ್ಣಿನ ಹಾಗೆ ಒಳಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ನಾನು ನೆಲ ನೋಡುತ್ತಾ ಕೂತೆ. ನಮ್ಮ ಮನೆಗಳಲ್ಲಿ ಮಾಸನ್ನು ಹಾಗೆಲ್ಲ ಬಿಸಾಡುವುದಿಲ್ಲ. ನಾನು ಹುಟ್ಟಿದಾಗ ಮಡಕೆಯಲ್ಲಿ ಹಾಕಿ, ಅರಿಸಿನ ಕುಂಕುಮ ಇಟ್ಟು, ನಾಯಿ ನರಿ ಮುಟ್ಟದ ಹಾಗೆ ಹಿತ್ತಲಲ್ಲಿ ಹೂಳಿದ್ದರಂತೆ. ಅದೂ ಮಗುವಿನ ಜೊತೆಗೆ ಹುಟ್ಟಿದ್ದೇ ತಾನೆ? ಮಗುವಿನ ಒಡಹುಟ್ಟು. ಯಾವಳೋ ಒಬ್ಬ ತಾಯಿ ತನ್ನ ಮಗುವಿನ ಒಡಹುಟ್ಟನ್ನು ನಮ್ಮ ಮಗುವಿಗೆ ಕೊಟ್ಟಿದ್ದಾಳೆ. ಅದು ಈಗ ನಮ್ಮ ಮಗುವಿನ ಮೈಯಲ್ಲಿ ಸೇರುತ್ತಿದೆ. ಹಾಗಾದರೆ ಆ ಮಗು ನಮಗೆ ಏನಾಯಿತು? ನೆಂಟರಾಯಿತು, ಅದೂ ಒಡಹುಟ್ಟು ಹಂಚಿಕೊಂಡ ರಕ್ತದ ನೆಂಟರು. ಅಂಥವರ ಮನೆಯಲ್ಲಿ ಮಗು ಹುಟ್ಟಿದರೆ ನಮಗೆ ಏನು? ಪುರುಡು.

ನನ್ನ ಲೆಕ್ಕ ಇಷ್ಟೇ. ಇವತ್ತಿಗೂ ಇದರಲ್ಲಿ ಎಲ್ಲಿ ತಪ್ಪಿದೆ ಅಂತ ಯಾರೂ ನನಗೆ ತೋರಿಸಿಕೊಟ್ಟಿಲ್ಲ.

ಮಗುವನ್ನು ಬಟವಾಡಿಯ ಮನೆಗೆ ಕರೆತಂದರು. ಎಡಗಣ್ಣಿನ ಮೇಲೆ ಕಾಣದ ಹಾಗೆ ಒಂದು ಮೆತ್ತನೆ ಲೆನ್ಸು, ಅದರ ಮೇಲೆ ಒಂದು ಗಟ್ಟಿ ಮುಚ್ಚಳ. ಉಜ್ಜಬಾರದು, ತಲೆಗೆ ನೀರು ಹಾಕಬಾರದು, ಹೊತ್ತು ಹೊತ್ತಿಗೆ ಡ್ರಾಪ್ಸು ಬಿಡಬೇಕು. ನಾನು ಅಲ್ಲೇ ಉಳಿದೆ. ಸಂಜೆ ದೇವರ ಮುಂದೆ ಕತ್ತಲು ಇದ್ದದ್ದನ್ನು ಮಗಳು ನೋಡಿದಳು.

"ಯಾಕವ್ವ ದೀಪ ಹಚ್ಚಿಲ್ಲ?"

"ಪುರುಡು ಕಣೇ."

"ಯಾರಿಗವ್ವ ಹೆರಿಗೆ ಆಯ್ತು?"

"ಗೊತ್ತಿಲ್ಲ."

ಅವಳು ಕೈಯಲ್ಲಿದ್ದ ಡ್ರಾಪ್ಸಿನ ಬಾಟಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಾನು ಬಿಡಿಸಿ ಹೇಳಿದೆ. ಅಳಿಯಂದಿರು ತಿನ್ನುತ್ತಿದ್ದ ಚಪಾತಿ ಗಂಟಲಿಗೆ ಸಿಕ್ಕಿ ಕೆಮ್ಮಲು ಶುರುಮಾಡಿದರು.

"ಅವ್ವ, ಅದನ್ನ ಐಸಲ್ಲಿ ಇಟ್ಟಿರ್ತಾರೆ. ಆ ಮಗು ಹುಟ್ಟಿ ಎಷ್ಟು ತಿಂಗಳಾಯ್ತೋ. ಇಷ್ಟೊತ್ತಿಗೆ ಅಂಬೆಗಾಲು ಇಡ್ತಿರುತ್ತೆ!"

"ಹುಟ್ಟಿದ್ದು ಯಾವತ್ತಾದ್ರೂ ಆಗ್ಲಿ. ನಮ್ಮನೆಗೆ ಬಂದಿದ್ದು ಇವತ್ತು. ಇವತ್ತಿಂದ ಲೆಕ್ಕ."

"ಅತ್ತೆ," ಎಂದರು ಅಳಿಯಂದಿರು ನೀರು ಕುಡಿದು, "ಹಂಗಾದ್ರೆ ನಾನು ಫ್ಯಾಕ್ಟರಿಗೆ ರಜೆ ಹಾಕ್ಬೇಕಾ? ಏನಂತ ಹೇಳ್ಲಿ? ನಮ್ಮನೇಲಿ ಹೆರಿಗೆ ಆಗಿದೆ, ಆದ್ರೆ ಯಾರಿಗೆ ಅಂತ ಗೊತ್ತಿಲ್ಲ ಅನ್ಲಾ?"

ಹಾಸಿಗೆಯಿಂದ ಮೊಮ್ಮಗಳ ದನಿ ಬಂತು. "ಅಜ್ಜಿ, ಆ ಪಾಪು ಹುಡುಗನಾ ಹುಡುಗೀನಾ?"

"ಗೊತ್ತಿಲ್ಲ ಪುಟ್ಟ."

"ಹಂಗಾದ್ರೆ ಏನ್ ಹೆಸರು ಇಡ್ತೀಯ?"

ಅಲ್ಲಿಯವರೆಗೂ ನಾನು ನಾಮಕರಣದವರೆಗೆ ಯೋಚನೆ ಮಾಡಿರಲಿಲ್ಲ. ಮಗುವೇ ದಾರಿ ತೋರಿಸಿತು. ಮುಚ್ಚಳ ಹಾಕಿಕೊಂಡು ಆಟವಿಲ್ಲದೆ, ಟೀವಿ ಇಲ್ಲದೆ ಮಲಗಿರುವ ಮಗುವಿಗೆ ಆ ದಿನಗಳು ಹೇಗೆ ಹೋಗಬೇಕು? ಹೆಸರು ಹುಡುಕುವುದೇ ಅವಳ ಆಟವಾಯಿತು. ಬೆಳಿಗ್ಗೆ ಒಂದು ಹೆಸರು, ಮಧ್ಯಾಹ್ನ ಇನ್ನೊಂದು. ಹುಡುಗನಿಗೂ ಹುಡುಗಿಗೂ ಆಗುವಂಥದ್ದೇ ಬೇಕು ಎಂದು ಹಟ. ಕಣ್ಣು ಉರಿಯುತ್ತದೆ ಎಂದು ಉಜ್ಜಲು ಕೈ ಎತ್ತಿದಾಗಲೆಲ್ಲ, "ಉಜ್ಜಬೇಡ, ಪಾಪುಗೆ ನೋವಾಯ್ತದೆ" ಎಂದರೆ ಸಾಕು, ಕೈ ಇಳಿಸುತ್ತಿದ್ದಳು. ನನ್ನ ಮಗಳು ಅದನ್ನು ನೋಡಿದ ಮೇಲೆ ಪುರುಡಿನ ಬಗ್ಗೆ ತಕರಾರು ತೆಗೆಯಲಿಲ್ಲ.

ಹನ್ನೊಂದನೇ ದಿನ ಮನೆ ತೊಳೆದೆವು. ಮನೆ ಓನರ್ ಹೆಂಗಸು ಕೆಳಗಿನ ಮನೆಯವರು, ಅವರ ಮೊಮ್ಮಕ್ಕಳ ತೊಟ್ಟಿಲು ಅಟ್ಟದ ಮೇಲಿತ್ತು. ಕೇಳಲು ಹೋದೆ.

"ಯಾರಮ್ಮ ಬಾಣಂತಿ?" ಎಂದರು ಆಕೆ ಕಣ್ಣರಳಿಸಿ.

"ಯಾವೂರವಳೋ ಗೊತ್ತಿಲ್ಲ ಕಣ್ರೀ."

ಕತೆ ಪೂರ್ತಿ ಕೇಳಿದ ಮೇಲೆ ಆಕೆ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೀರು ಬಂತು, ಆಮೇಲೆ ಅದು ಬರಿ ನಗುವಿನದ್ದಾಗಿರಲಿಲ್ಲ. ತೊಟ್ಟಿಲನ್ನು ತಾವೇ ಒರೆಸಿ ಕೊಟ್ಟರು. ನಾಮಕರಣದಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲನ್ನು ಹಾಕಿ ತೂಗುತ್ತೇವಲ್ಲ, ಅದೂ ಬೇಕಿತ್ತು. ಈಗ ಎಲ್ಲರ ಮನೆಯಲ್ಲೂ ಮಿಕ್ಸಿ. ಅವರ ಹಳೇ ಒರಳಿನ ಗುಂಡುಕಲ್ಲು ಹಿತ್ತಲಲ್ಲಿ ನೀರಿನ ಸಂಪಿನ ಮುಚ್ಚಳದ ಮೇಲೆ ಭಾರಕ್ಕೆ ಕೂತಿತ್ತು. ಅಳಿಯಂದಿರು ಅದನ್ನು ಎತ್ತಿಕೊಂಡು ಬಂದು, "ಮಗು ಒಳ್ಳೆ ತೂಕ ಇದೆ ಅತ್ತೆ" ಎಂದರು.

ತೊಂದರೆ ಬಂದದ್ದು ಸ್ನಾನದಲ್ಲಿ. ಪುರುಡು ಕಳೆಯಬೇಕಾದರೆ ಮನೆಯವರೆಲ್ಲ ತಲೆಗೆ ಸ್ನಾನ ಮಾಡಬೇಕು. ನಾವೆಲ್ಲ ಮಾಡಿದ್ದೆವು. ಮಗುವಿಗೆ? ಅವಳಿಗಾಗಿಯೇ ಬಂದ ಪುರುಡು, ಅವಳನ್ನೇ ಬಿಟ್ಟರೆ ಹೇಗೆ? ನನಗೆ ಒಳಗೊಳಗೇ ಕಸಿವಿಸಿ. "ಹಣೆಗೆ ಬಟ್ಟೆ ಕಟ್ಟಿ, ಹಿಂದುಗಡೆಯಿಂದ ಒಂದೇ ಒಂದು ಚೊಂಬು" ಎಂದು ಮೆಲ್ಲಗೆ ಹೇಳಿದೆ. ನನ್ನ ಮಗಳು ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು.

"ಒಂದು ಹನಿ ಬಿದ್ರೂ ನಾನು ಸುಮ್ನಿರಲ್ಲ ಅವ್ವ. ಆವತ್ತು ನೀರು ಬಿಡು ಅಂದೋಳೂ ನಾನೇ, ಇವತ್ತು ಬೇಡ ಅನ್ನೋಳೂ ನಾನೇ."

ಇಬ್ಬರೂ ಮುಖ ಊದಿಸಿಕೊಂಡು ನಿಂತಿರುವಾಗ ಯಜಮಾನರು ಊರಿಂದ ಕಾಯಿ ಚೀಲ ಹೊತ್ತುಕೊಂಡು ಬಂದರು. ಹತ್ತು ದಿನವೂ ಫೋನಿನಲ್ಲಿ, "ಹೆತ್ತಿದ್ದು ಯಾವೂರಾಗೋ, ಪುರುಡು ನಮ್ಮನೆಗಾ?" ಎಂದು ನನ್ನನ್ನು ಆಡಿಕೊಂಡವರು ಅವರು. ಚೀಲ ಇಳಿಸಿ, ಎರಡೂ ಕಡೆಯದನ್ನು ಕೇಳಿ ಗಲ್ಲ ಕೆರೆದುಕೊಂಡರು.

"ಅಲ್ಲ ಕಣೇ, ಅವಳ ಕಣ್ಣಿಗೆ ಬಂದಿರೋರು ಯಾರು?"

"ನೆಂಟರು."

"ಮನೆಗೆ ನೆಂಟರು ಬಂದ್ರೆ ನಾವೇನು ತಲೆ ಮ್ಯಾಲೆ ನೀರು ಉಯ್ತೀವಾ? ಕಾಲಿಗೆ ತಾನೆ ನೀರು ಕೊಡೋದು? ಕಾಲಿಗೆ ಕೊಡು. ಮುಗೀತು."

ನಾನು ಆ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಒಂದು ದಿನವೂ ಇಷ್ಟು ಚೆನ್ನಾಗಿ ಮಾತಾಡಿದ್ದನ್ನು ಕಾಣೆ. ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿ, ಕಾಲಿಗೆ ಬಿಸಿನೀರು ಹಾಕಿ, ಅರಿಸಿನ ಹಚ್ಚಿ ಒರೆಸಿದೆ. ಗುಂಡುಕಲ್ಲಿಗೆ ಹೊಸ ಬಟ್ಟೆ ಸುತ್ತಿ, ಕುಂಕುಮ ಇಟ್ಟು, ತೊಟ್ಟಿಲಲ್ಲಿ ಮಲಗಿಸಿದೆವು. ಓನರ್ ಹೆಂಗಸು ತೊಟ್ಟಿಲ ಹಾಡು ಹಾಡಿದರು. ಮೊಮ್ಮಗಳು ಬಗ್ಗಿ, ಕಲ್ಲಿಗೆ ಕಿವಿ ಯಾವ ಕಡೆ ಎಂದು ತಾನೇ ತೀರ್ಮಾನ ಮಾಡಿಕೊಂಡು, ಹೆಸರು ಉಸುರಿದಳು. ಏನು ಹೆಸರು ಎಂದು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. "ಪಾಪುಗೆ ಗೊತ್ತು, ಸಾಕು" ಎನ್ನುತ್ತಾಳೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಾಣಂತಿ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದು ನಮ್ಮ ರೂಢಿ. ತೊಟ್ಟಿಲಿಗೆ ಹೊಗೆ ಇಲ್ಲದಿದ್ದರೆ ಹೇಗೆ ಎಂದು ಓನರ್ ಹೆಂಗಸು ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ತಂದರು. ನಾನೂ ಬೇಡ ಎನ್ನಲಿಲ್ಲ. ಹೊಗೆ ಒಂದೇ ಸಲ ಎದ್ದು ಸಣ್ಣ ಕೋಣೆ ತುಂಬಿತು. ಮಗುವಿನ ಎರಡೂ ಕಣ್ಣಲ್ಲಿ ನೀರು ಸುರಿಯಲು ಶುರುವಾಯಿತು. ಮುಚ್ಚಳದ ಕೆಳಗಿನಿಂದ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ಅಜ್ಜಿ, ಗೋಂದು ಬಿಟ್ಕೊಂಡ್ರೆ?" ಎಂದಳು. ಅಳುತ್ತಿರಲಿಲ್ಲ, ಹೆದರಿದ್ದಳು.

ಹೋಳಿಗೆ ಯಾರೂ ಮುಟ್ಟಲಿಲ್ಲ. ಹಾಗೇ ಆಟೋ ಹತ್ತಿದೆವು. ಡಾಕ್ಟರಮ್ಮನ ಕ್ಲಿನಿಕ್ಕು ಹತ್ತಿರವೇ, ಆದರೂ ದಾರಿ ಸಾಗಲೇ ಇಲ್ಲ. ನೆಟ್ಟ ಪೈರು ಒಂದು ಸಲ ಬೇರು ಬಿಟ್ಟರೆ ಮಳೆ ಬಂದರೂ ನಿಲ್ಲುತ್ತದೆ, ಬಿಡುವ ಮೊದಲು ನೀರು ಹರಿದರೆ ಎಲ್ಲಾ ಕೊಚ್ಚಿಕೊಂಡು ಹೋಗುತ್ತದೆ. ಅದು ಗೊತ್ತಿದ್ದದ್ದೇ ನನಗೆ ಶಾಪವಾಯಿತು. ಯಜಮಾನರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಡಾಕ್ಟರಮ್ಮ ಮೂಸಿದರು. "ಸಾಂಬ್ರಾಣಿ ಹಾಕಿದ್ರಾ ಅಜ್ಜಿ?"

ನಾನು ತಲೆ ತಗ್ಗಿಸಿದೆ.

"ಇನ್ನೊಂದು ಸಲ ಹೊಗೆ ಗಿಗೆ ಅಂದ್ರೆ ನಿಮ್ಮನ್ನೇ ಅಡ್ಮಿಟ್ ಮಾಡ್ಕೊತೀನಿ ನೋಡಿ."

ಮಗುವನ್ನು ಯಂತ್ರದ ಮುಂದೆ ಕೂರಿಸಿದರು. ಮುಚ್ಚಳ ತೆಗೆದು, ಮೆತ್ತನೆ ಲೆನ್ಸನ್ನು ಚಿಮುಟದಿಂದ ಎತ್ತಿದರು. ಒಂದು ಕಾಗದದ ಪಟ್ಟಿಯಿಂದ ಕಿತ್ತಳೆ ಬಣ್ಣ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು. ಆ ಪರೀಕ್ಷೆ ನನಗೆ ಗೊತ್ತಿತ್ತು. ಚರ್ಮ ಇಲ್ಲದ ಕಡೆಯೆಲ್ಲ ಹಸಿರಾಗಿ ಹೊಳೆಯುತ್ತದೆ. ಸುಣ್ಣ ಬಿದ್ದ ದಿನ ಅವಳ ಕಣ್ಣು ಪೂರ್ತಿ ಹಸಿರಾಗಿತ್ತು, ಕೆರೆಯ ಪಾಚಿಯ ಹಾಗೆ. ಈಗ ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದರು.  

"ಬನ್ನಿ ಅಜ್ಜಿ, ನೀವೇ ನೋಡಿ" ಎಂದರು.

ನಾನು ಯಂತ್ರಕ್ಕೆ ಕಣ್ಣು ಇಟ್ಟೆ. ಎಲ್ಲಾ ನೀಲಿ. ಹಸಿರು ಎಲ್ಲೂ ಇಲ್ಲ. ಸಣ್ಣ ಸಣ್ಣ ಚೂರುಗಳು ಮಾತ್ರ ಸುತ್ತಲೂ ಮಂಜಿನ ಹನಿಯ ಹಾಗೆ ಕೂತಿದ್ದವು. ಅವುಗಳ ನಡುವೆ ನಯವಾದ ನೆಲ.

"ನಾಟಿ ಹಿಡ್ದಿದೆ" ಎಂದರು ಡಾಕ್ಟರಮ್ಮ. "ಪೂರ್ತಿ ಮುಚ್ಕೊಂಡಿದೆ. ಪುಟ್ಟಿ, ಬಲಗಣ್ಣು ಮುಚ್ಚು. ನನ್ನ ಕೈ ನೋಡು. ಎಷ್ಟು ಬೆರಳು?"

"ಮೂರು" ಎಂದಳು. ಆಮೇಲೆ, "ಅದ್ರಲ್ಲಿ ಒಂದಕ್ಕೆ ಉಂಗುರ ಇದೆ, ಕೆಂಪು ಕಲ್ಲು" ಎಂದಳು.

ನಾನು ಅಲ್ಲೇ ಅವಳಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದೆ.  ಯಜಮಾನರು ಡಾಕ್ಟರಮ್ಮನಿಗೆ ಕೈ ಮುಗಿದವರು ಇಳಿಸುವುದನ್ನೇ ಮರೆತು ನಿಂತಿದ್ದರು. ಆಕೆಗೆ ಮುಜುಗರವಾಗಿ, "ನಂಗಲ್ಲ, ಆಪರೇಷನ್ ಮಾಡಿದೋರಿಗೆ ಮುಗೀರಿ, ಕೊಟ್ಟ ತಾಯಿಗೆ ಮುಗೀರಿ" ಎಂದರು. ಆ ತಾಯಿ ಯಾರು ಎಂದು ಕೇಳಿದೆ. ಆಕೆಗೂ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವ ಹಾಗಿಲ್ಲವಂತೆ. ಹೋಳಿಗೆಯನ್ನಾದರೂ ಕಳಿಸಬಹುದಾ ಎಂದೆ. ಅದಕ್ಕೂ ದಾರಿಯಿಲ್ಲ. ಅಳಿಯಂದಿರು ಮನೆಗೆ ಹೋಗಿ ತಂದ ಹೋಳಿಗೆಯಲ್ಲಿ ಡಾಕ್ಟರಮ್ಮನೇ ನಾಲ್ಕು ತಿಂದರು. ತುಪ್ಪ ಕಡಿಮೆಯಾಯಿತು ಎಂದರು ಬೇರೆ.

ಇದೆಲ್ಲ ಆಗಿ ತಿಂಗಳುಗಳು ಕಳೆದಿವೆ. ಬಲಗಣ್ಣಿನಲ್ಲಿ ಚೂರು ತೆಗೆದ ಜಾಗ ಎಲ್ಲಿ ಎಂದು ಹುಡುಕಿದರೂ ಸಿಗುವುದಿಲ್ಲ. ಎಡಗಣ್ಣಿನಲ್ಲಿ ಸ್ವಲ್ಪ ಮಬ್ಬು ಉಳಿದಿದೆ, ಅದು ಬಲಗಣ್ಣಿನಷ್ಟು ಚುರುಕಾಗುವುದಿಲ್ಲ, ದೊಡ್ಡವಳಾದ ಮೇಲೆ ಇನ್ನೊಂದು ಚಿಕಿತ್ಸೆ ಬೇಕಾದರೂ ಬೇಕಾಗಬಹುದು ಎಂದು ಹೇಳಿದ್ದಾರೆ. ಅಷ್ಟರಲ್ಲಿ ಇನ್ನೂ ಒಳ್ಳೆಯದನ್ನು ಕಂಡುಹಿಡಿದಿರುತ್ತಾರೆ ಎಂದೂ ಹೇಳಿದ್ದಾರೆ. ನನಗೆ ನಂಬಿಕೆ ಇದೆ. ಎಲ್ಲೋ ಲ್ಯಾಬುಗಳಲ್ಲಿ ಯಾರ‍್ಯಾರೋ ಮಕ್ಕಳು ಊಟ ತಿಂಡಿ ಬಿಟ್ಟು ಜೀವಕೋಶ ಸಾಕುತ್ತಿರುತ್ತಾರಂತೆ, ನನ್ನ ತಮ್ಮ ಹುಳ ಸಾಕುವ ಹಾಗೆ. ಅವರ ಹೊಟ್ಟೆ ತಣ್ಣಗಿರಲಿ.

ಹೋದ ವಾರ ಮತ್ತೆ ತೋರಿಸಿದ್ದಾಯಿತು. ಬಲಗಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿದರು. ಮೇಲಿನ ಸಾಲು, ಅದರ ಕೆಳಗಿನದು, ಅದರ ಕೆಳಗಿನದು. ಕೊನೆಯ ಎರಡು ಸಾಲು ಬಿಟ್ಟು ಎಲ್ಲಾ ಓದಿದಳು. ಶನಿವಾರವಾದ್ದರಿಂದ ಅವಳನ್ನು ನನ್ನ ಜೊತೆ ಊರಿಗೆ ಕರೆದುಕೊಂಡು ಹೊರಟೆ. ಗುಬ್ಬಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಬಲಗಣ್ಣನ್ನು ಗಟ್ಟಿಯಾಗಿ ಮುಚ್ಚಿ, ಎಡಗಣ್ಣಿನಿಂದ ಬೋರ್ಡುಗಳನ್ನು ಓದಲು ಶುರುಮಾಡಿದಳು. ಜೋರಾಗಿ. ಟೈರು ಪಂಕ್ಚರ್, ನಾಟಿ ಕೋಳಿ ಊಟ, ಸೈಟು ಮಾರಾಟಕ್ಕಿದೆ, ಚಿಕ್ಕ ಮಕ್ಕಳ ತಜ್ಞರು. ಕಂಡಕ್ಟರು ಟಿಕೆಟ್ ಕೊಡಲು ಬಂದವನು ನಿಂತು ನೋಡಿದ.

"ಏನವ್ವ, ನನ್ನ ನೋಡಿ ಕಣ್ಣು ಹ್ವಡೀತಿದ್ದೀಯ?"

"ನಿಮ್ಮನ್ನಲ್ಲ ಅಂಕಲ್, ಬೋರ್ಡನ್ನ" ಎಂದಳು. "ನಿಮ್ಮ ಜೇಬಲ್ಲಿ ಪೆನ್ನು ಲೀಕಾಗಿದೆ."

ಅವನು ಜೇಬು ನೋಡಿಕೊಂಡ. ನೀಲಿ ಕಲೆ ಚುಕ್ಕಿಯಷ್ಟು ಇತ್ತು. ಬಸ್ಸೆಲ್ಲ ನಕ್ಕಿತು.

ನಾನು ಹಿಂದಿನ ಸೀಟಿನ ಹೆಂಗಸಿಗೆ ಕತೆ ಹೇಳಲು ಕೂತೆ. ಈಗ ನನಗೆ ಅದೊಂದು ರೋಗ, ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಕತೆಯಲ್ಲಿ ಗುಂಡುಕಲ್ಲಿಗೆ ಬರುವ ಹೊತ್ತಿಗೆ ನಮ್ಮೂರ ಸ್ಟಾಪು ಹಿಂದಾಗಿತ್ತು. ಗುಬ್ಬಿ ಬಸ್‌ಸ್ಟಾಂಡಿನಲ್ಲಿ ಇಳಿದೆವು. ಅಷ್ಟರಲ್ಲಿ ಯಜಮಾನರ ಫೋನು.

"ಎಲ್ಲಿದೀರ? ರೋಡಲ್ಲಿ ಕಾಯ್ಕಂಡು ನಿಂತಿವ್ನಿ. ಬಸ್ಸು ನನ್ ಮುಂದೇನೇ ಹೋಯ್ತಲ್ಲೇ!"

"ಗುಬ್ಬೀಲಿ ಇದೀವಿ. ಇಳಿಯೋದು ಮರ್ತು ಹೋಯ್ತು."

"ವಾಪಸ್ ಬಸ್ಸು ಹತ್ತಿ ಬರ‍್ರಿ ಮತ್ತೆ!"

ನಾನು ಮೊಮ್ಮಗಳ ಕಡೆ ತಿರುಗಿದೆ. ಬಸ್‌ಸ್ಟಾಂಡಿನ ಎದುರು ಸಾಲು ಅಂಗಡಿಗಳು. ಅವಳು ಕೂದಲನ್ನು ಎರಡೂ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಒಂದು ಕಣ್ಣು ಮುಚ್ಚಿ, ಬಟ್ಟೆ ಅಂಗಡಿಯ ಬೋರ್ಡಿನ ಕೆಳಗಿನ ಸಣ್ಣ ಅಕ್ಷರದ ಮೇಲೆ ಕಣ್ಣು ನೆಟ್ಟು ನಿಂತಿದ್ದಳು. ಬಾಯಿ ಅಲ್ಲಾಡುತ್ತಿತ್ತು.

"ಸ್ವಲ್ಪ ಹೊತ್ತು ಆಗ್ತದೆ" ಎಂದೆ ಫೋನಿಗೆ. "ನೀವು ಮನೆಗೆ ಹೋಗಿ ಅನ್ನಕ್ಕಿಡಿ. ಇವಳು ಇನ್ನೂ ಈ ಕಡೆ ಸಾಲೇ ಮುಗಿಸಿಲ್ಲ."